ದೇಣಿಗೆ ಪತ್ರಕ್ಕೆ ಉತ್ತರ ಬರಬೇಕಾದರೆ: ಸಣ್ಣ ಸಂಸ್ಥೆಗಳಿಗೊಂದು ಮಾರ್ಗದರ್ಶಿ

"ಇನ್ನೂರು ಮಂದಿಗೆ ಪತ್ರ ಹಾಕೀವ್ರಿ, ನಾಲ್ಕು ಮಂದೀನೂ ತಿರುಗಿ ಮಾತಾಡಲಿಲ್ಲ." ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಸಣ್ಣ ಟ್ರಸ್ಟು, ವಾಚನಾಲಯ, ವಸತಿ ನಿಲಯ ನಡೆಸುವವರಿಂದ ಮತ್ತೆ ಮತ್ತೆ ಬರುವ ಮಾತು ಇದು. ಆ ಪತ್ರವನ್ನೊಮ್ಮೆ ತೋರಿಸಿ ಅಂದರೆ ಹೆಚ್ಚುಕಡಿಮೆ ಎಲ್ಲವೂ ಒಂದೇ ಅಚ್ಚಿನವು. ಮೇಲೆ ಲೆಟರ್‌ಹೆಡ್, ಅದರ ಎಡಬದಿಗೆ ಪದಾಧಿಕಾರಿಗಳ ಹೆಸರಿನ ಸಾಲು, "ವಿಷಯ: ಧನಸಹಾಯ ಕೋರಿ", ಆಮೇಲೆ "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ". ಇದು ತಹಶೀಲ್ದಾರ್ ಕಚೇರಿಗೆ ಕೊಡುವ ಅರ್ಜಿ. ಅಲ್ಲಿ ಅದನ್ನು ಓದಲೆಂದೇ ಪಗಾರ ತಗೊಳ್ಳುವವರಿದ್ದಾರೆ. ನಿಮ್ಮ ದಾನಿಗೆ ಅಂಥ ದರ್ದಿಲ್ಲ.

ನಮ್ಮ ಭಾಗದಲ್ಲಿ ಕೊಡುವವರಿಗೇನೂ ಕೊರತೆಯಿಲ್ಲ. ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ (1906), ವಿಜಯಪುರದ ಬಿಎಲ್‌ಡಿಇ (1910), ಬೆಳಗಾವಿಯ ಕೆಎಲ್‌ಇ (1916), ಈ ವಿದ್ಯಾಸಂಸ್ಥೆಗಳೆಲ್ಲ ಬೆಳೆದದ್ದು ಊರೂರಿನ ದಾನಿಗಳ ಬಲದಿಂದ. ಜಾತ್ರೆಯ ದಾಸೋಹಕ್ಕೆ ಜೋಳದ ಚೀಲ ಇಳಿಸಿ ಹೆಸರೂ ಹೇಳದೆ ಹೋಗುವ ರೈತರು ಇವತ್ತಿಗೂ ಇದ್ದಾರೆ. ತೊಡಕಿರುವುದು ಪತ್ರದಲ್ಲಿ. ಅದು ಸಂಸ್ಥೆಯ ಬಗ್ಗೆಯೇ ಮಾತಾಡುತ್ತದೆ. ದಾನಿಗೆ ಬೇಕಾದದ್ದು ಬೇರೆ: ಯಾರಿಗಾಗಿ, ಏನಕ್ಕೆ, ಎಷ್ಟು, ಹೇಗೆ ಕಳಿಸಲಿ, ಕೊಟ್ಟ ಮೇಲೆ ಅದೇನಾಯಿತೆಂದು ನನಗೆ ಯಾರು ಹೇಳುತ್ತಾರೆ. ಈ ಐದಕ್ಕೂ ಒಂದೇ ಓದಿಗೆ ಉತ್ತರ ಸಿಗುವಂತೆ ಬರೆಯುವುದಷ್ಟೇ ನಿಮ್ಮ ಕೆಲಸ.

ಬರೆಯಲು ಕೂಡುವ ಮುಂಚೆ

ಮೇಜಿನ ಮೇಲೆ ಇವಿಷ್ಟು ಇರಲಿ: ಸಂಸ್ಥೆಯ ನೋಂದಣಿ ಪತ್ರ, ಸಂಸ್ಥೆಯ ಪ್ಯಾನ್ ಕಾರ್ಡ್, ಹಿಂದಿನ ವರ್ಷದ ಆಡಿಟ್ ಆದ ಲೆಕ್ಕ, ಸಂಸ್ಥೆಯ ಹೆಸರಿನಲ್ಲೇ ಇರುವ ಬ್ಯಾಂಕ್ ಖಾತೆಯ ವಿವರ, 12ಎಬಿ ಮತ್ತು 80ಜಿ ಆದೇಶಗಳು.

ಕೊನೆಯ ಎರಡನ್ನು ಬಹಳ ಮಂದಿ ಕಲಸಿಕೊಳ್ಳುತ್ತಾರೆ. 12ಎಬಿ ಅಂದರೆ ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವ ನೋಂದಣಿ. 80ಜಿ ಅಂದರೆ ನಿಮಗೆ ಕೊಟ್ಟವರಿಗೆ ತೆರಿಗೆಯಲ್ಲಿ ರಿಯಾಯಿತಿ ಸಿಗುವಂತೆ ಮಾಡುವ ಅನುಮೋದನೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಟ್ರಸ್ಟ್ ಡೀಡ್ ನೋಂದಾಯಿಸಿದ ಮಾತ್ರಕ್ಕೆ ಇವೆರಡೂ ತಾವಾಗಿ ಬರುವುದಿಲ್ಲ. ಬಂದರೂ ಕಾಯಂ ಅಲ್ಲ, ಅವಧಿ ಮುಗಿಯುತ್ತದೆ, ನವೀಕರಿಸಬೇಕು. ಹತ್ತು ವರ್ಷದ ಹಿಂದಿನ ಆದೇಶದ ಜೆರಾಕ್ಸ್ ನೋಡಿಕೊಂಡು ಪತ್ರದಲ್ಲಿ "80ಜಿ ಸೌಲಭ್ಯವಿದೆ" ಅಂತ ಅಚ್ಚು ಹಾಕಿಸಬೇಡಿ. ಇನ್ನೊಂದು ಮಾತು: 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಅದರಲ್ಲಿ ಕಲಂಗಳ ಸಂಖ್ಯೆ ಬೇರೆ. ಜನರ ಬಾಯಲ್ಲಿ 80ಜಿಯೇ ಇರುವುದರಿಂದ ಇಲ್ಲಿ ನಾನೂ ಹಾಗೇ ಅನ್ನುತ್ತೇನೆ. ಪತ್ರದ ಮೇಲೆ ಹಾಕುವ ಸಂಖ್ಯೆಯನ್ನು ಮಾತ್ರ ನಿಮ್ಮ ಆಡಿಟರ್‌ಗೆ ತೋರಿಸಿಯೇ ಹಾಕಿ.

1. ಮೊದಲು ಹೆಸರುಗಳು, ಆಮೇಲೆ ಪತ್ರ

ಒಂದು ವಹಿ ಮಾಡಿ. ಎಕ್ಸೆಲ್ ಬಲ್ಲವರಿದ್ದರೆ ಸರಿ, ಇಲ್ಲದಿದ್ದರೆ ರೂಲ್ ಹಾಕಿದ ನೋಟುಬುಕ್ಕೂ ಸಾಕು. ಹೆಸರು, ವಿಳಾಸ, ಫೋನ್, ಹಿಂದೆ ಎಷ್ಟು ಕೊಟ್ಟಿದ್ದರು, ಯಾವುದಕ್ಕೆ, ಯಾರ ಪರಿಚಯ ಅನ್ನುವುದನ್ನೆಲ್ಲ ಬರೆದುಕೊಳ್ಳಿ. ಮೊದಲ ಪತ್ರ ಹೋಗಬೇಕಾದದ್ದು ಹಿಂದೆ ಕೊಟ್ಟವರಿಗೆ. ಆಮೇಲೆ ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರಿಗೆ: ನಿಲಯಕ್ಕೆ ಕಾಯಿಪಲ್ಯ ಹಾಕುವವರು, ಶಾಲೆಯ ಹಳೆಯ ವಿದ್ಯಾರ್ಥಿಗಳು, ಊರು ಬಿಟ್ಟು ಪುಣೆ ಬೆಂಗಳೂರು ಸೇರಿದ ನೌಕರರು. ಹೆಸರು ಕೇಳಿ ಮಾತ್ರ ಗೊತ್ತಿರುವ ದೊಡ್ಡ ಸಾಹುಕಾರರು ಕೊನೆಗೆ. ಎಲ್ಲರೂ ಇದನ್ನು ತಿರುವುಮುರುವು ಮಾಡುತ್ತಾರೆ. ಶಾಸಕರಿಂದ ಶುರು ಮಾಡಿ, ಹೋದ ವರ್ಷ ಐದು ನೂರು ಕೊಟ್ಟ ಮೇಷ್ಟ್ರನ್ನು ಮರೆತಿರುತ್ತಾರೆ.

ಹೆಸರು ತಪ್ಪಿಲ್ಲದೆ ಬರೆಯಿರಿ. ಹಿರೇಮಠರನ್ನು ಚಿಕ್ಕಮಠ ಮಾಡಿದ ಪತ್ರ ಮುಂದಕ್ಕೆ ಓದಿಸಿಕೊಳ್ಳುವುದಿಲ್ಲ. "ಮಾನ್ಯ ದಾನಿಗಳೇ" ಅಂತ ಜೆರಾಕ್ಸ್ ಹೊಡೆಸಿದ ಪತ್ರಕ್ಕಿಂತ, ಕೈಯಿಂದ ಹೆಸರು ಬರೆದ ಮೂವತ್ತು ಪತ್ರ ವಾಸಿ.

2. ಒಂದು ಪತ್ರ, ಒಂದು ಬೇಡಿಕೆ

ಕಟ್ಟಡ, ಕಂಪ್ಯೂಟರ್, ಊಟ, ಆರೋಗ್ಯ ಶಿಬಿರ ಎಲ್ಲವನ್ನೂ ಒಂದೇ ಹಾಳೆಗೆ ತುಂಬಿದರೆ ಯಾವುದೂ ಓದುವವರ ತಲೆಯಲ್ಲಿ ನಿಲ್ಲುವುದಿಲ್ಲ. ಈ ಸಲಕ್ಕೆ ಒಂದನ್ನು ಆರಿಸಿ, ಅದನ್ನು ಒಬ್ಬ ಮನುಷ್ಯ ಹೊರಬಹುದಾದ ತುಂಡುಗಳಾಗಿ ಒಡೆಯಿರಿ. "ವಸತಿ ನಿಲಯದ ವಾರ್ಷಿಕ ನಿರ್ವಹಣೆಗೆ 12 ಲಕ್ಷ" ಅಂದರೆ ಓದಿದವರು ಇದು ಸರಕಾರದ ಕೆಲಸ ಅಂದುಕೊಂಡು ಮಡಚಿಡುತ್ತಾರೆ. "ನಲವತ್ತು ಮಕ್ಕಳ ಒಂದು ರಾತ್ರಿಯ ಊಟ" ಅಂದರೆ ತಮ್ಮ ಕಿಸೆಗೆ ಹೊಂದುವ ಮಾತು.

ಇದು ಹೊಸ ಜಾಣತನವೇನಲ್ಲ. ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ಕ್ರಿ.ಶ. 945ರ, ರಾಷ್ಟ್ರಕೂಟ ಮೂರನೇ ಕೃಷ್ಣನ ಕಾಲದ ಶಾಸನವಿದೆ. ಅಲ್ಲಿನ ವಿದ್ಯಾಶಾಲೆಗೆ ಕೊಟ್ಟ ದಾನದ ವಿವರ ಅದರಲ್ಲಿದೆ. ದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳ ವಸತಿಗೆ 27 ಮನೆಗಳು. ದೀಪಕ್ಕೆಂದೇ ಬೇರೆಯಾಗಿ 12 ನಿವರ್ತನ ಭೂಮಿ (ನಿವರ್ತನ ಅಂದರೆ ಆಗಿನ ನೆಲದ ಅಳತೆ). "ವಿದ್ಯಾಭಿವೃದ್ಧಿಗಾಗಿ" ಅಂತ ಬರೆದು ಬಿಟ್ಟಿಲ್ಲ ನೋಡಿ, ಎಣ್ಣೆಯ ಖರ್ಚನ್ನೂ ಲೆಕ್ಕ ಹಾಕಿದ್ದಾರೆ. ನಿಮ್ಮ ಪತ್ರದಲ್ಲೂ ಆ ಎಣ್ಣೆಯ ಲೆಕ್ಕ ಬರಲಿ.

ಎಚ್ಚರಿಕೆ ಒಂದಿದೆ. ಊಟದ ಹೆಸರಲ್ಲಿ ಕೇಳಿದ ಹಣವನ್ನು ಕಾಂಪೌಂಡಿಗೆ ಹಾಕುವಂತಿಲ್ಲ. ಬಾಡಿಗೆ, ಕರೆಂಟು, ಅಡುಗೆಯವರ ಪಗಾರವೂ ಊಟದ ಖರ್ಚೇ. ಅವನ್ನೂ ತುಂಡಿನ ಲೆಕ್ಕದೊಳಗೆ ಸೇರಿಸಿ, ಸೇರಿಸಿದ್ದೇವೆ ಅಂತಲೂ ಹೇಳಿ. ಬಡ್ಡಿಯಲ್ಲಿ ಮಾತ್ರ ಕೆಲಸ ನಡೆಸುವ ಮೂಲನಿಧಿಗೆ (ಆಡಿಟರ್ ಇದನ್ನು ಕಾರ್ಪಸ್ ಅನ್ನುತ್ತಾರೆ) ಕೇಳುವುದಾದರೆ, ಇದು ಮೂಲನಿಧಿಗೆಂದೇ ಕೊಟ್ಟದ್ದು ಅಂತ ದಾನಿಯಿಂದ ಬರಹದಲ್ಲಿ ಪಡೆಯಬೇಕು. ಅದಕ್ಕೊಂದು ಸಣ್ಣ ಚೀಟಿಯನ್ನು ಪತ್ರದ ಜೊತೆಗೇ ಇಡಿ.

3. ಮೊದಲ ನಾಲ್ಕು ಸಾಲು

ಪತ್ರ ಉಳಿಯುವುದೂ ರದ್ದಿಗೆ ಹೋಗುವುದೂ ಇಲ್ಲೇ. ಸಾಮಾನ್ಯವಾಗಿ ಬರುವ ಆರಂಭ ಹೀಗಿರುತ್ತದೆ:

"ನಮ್ಮ ಸಂಸ್ಥೆಯು ಕಳೆದ ಹಲವಾರು ವರ್ಷಗಳಿಂದ ಶೈಕ್ಷಣಿಕ, ಸಾಮಾಜಿಕ, ಆರ್ಥಿಕ ಹಾಗೂ ಸಾಂಸ್ಕೃತಿಕ ಕ್ಷೇತ್ರಗಳಲ್ಲಿ ಗಣನೀಯ ಸೇವೆ ಸಲ್ಲಿಸುತ್ತಾ ಬಂದಿದ್ದು, ಸದರಿ ಸಂಸ್ಥೆಯ ಗ್ರಂಥಾಲಯದ ಅಭಿವೃದ್ಧಿಗಾಗಿ ಆರ್ಥಿಕ ನೆರವಿನ ಅವಶ್ಯಕತೆ ಇರುತ್ತದೆ."

ಇದರಲ್ಲಿ ಸುಳ್ಳಿಲ್ಲ, ಆದರೆ ಕಣ್ಣಿಗೆ ಕಾಣುವಂಥದ್ದೂ ಏನಿಲ್ಲ. ಅದೇ ಬೇಡಿಕೆಯನ್ನು ಹೀಗೆ ಬರೆದು ನೋಡಿ:

"ಗುಳೇದಗುಡ್ಡದ ನಮ್ಮ ವಾಚನಾಲಯ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಆದರೆ ಕರೆಂಟು ಹೋದ ಕೂಡಲೇ ಹುಡುಗರು ಪುಸ್ತಕ ಮುಚ್ಚಿ ಎದ್ದು ಹೋಗುತ್ತಾರೆ. ಮಗ್ಗದ ಸಪ್ಪಳವಿಲ್ಲದೆ ಓದಲಿಕ್ಕೆ ಅವರಿಗೆ ಊರಲ್ಲಿ ಬೇರೆ ಜಾಗವಿಲ್ಲ. ಒಂದು ಇನ್ವರ್ಟರ್ ಕೂಡಿಸಿದರೆ ಮಾರ್ಚ್ ಪರೀಕ್ಷೆವರೆಗೆ ದೀಪ ಆರುವುದಿಲ್ಲ."

ಸಂಸ್ಥೆ ಯಾವ ವರ್ಷ ಹುಟ್ಟಿತು, ಯಾವ ಪ್ರಶಸ್ತಿ ಬಂತು ಅನ್ನುವುದನ್ನೆಲ್ಲ ಕೆಳಗೆ ಒಂದು ಸಾಲಲ್ಲಿ ಹೇಳಿದರೆ ಆಯಿತು. "ಕಲಿಯುಗದ ಕರ್ಣ" ಥರದ ಹೊಗಳಿಕೆ ಬೇಡ. ದುಡಿದು ಗಳಿಸಿದವರಿಗೆ ಅದರ ಹಿಂದಿನ ಲೆಕ್ಕ ತಟ್ಟನೆ ಗೊತ್ತಾಗುತ್ತದೆ.

4. ನಡುಭಾಗ: ಕತೆ ಇರಲಿ, ಮಾನವೂ ಉಳಿಯಲಿ

ಒಬ್ಬರ ಸಂಗತಿ ಹೇಳಿದರೆ ಪತ್ರಕ್ಕೆ ಜೀವ ಬರುತ್ತದೆ, ನಿಜ. ಆದರೆ ಅನಾಥ ಮಗುವಿನ ಫೋಟೊ, ಹೆಸರು, ಊರು ಹಾಕಿ "ನೋಡಿ ಇವಳ ಪಾಡು" ಅಂತ ಬರೆಯುವುದು ತಪ್ಪು, ಕಾನೂನಿನ ತಂಟೆಯೂ ಹೌದು. ರಕ್ಷಣೆ ಮತ್ತು ಪೋಷಣೆಯ ಅಗತ್ಯವಿರುವ ಮಕ್ಕಳ ಗುರುತು ಬಯಲಾಗದಂತೆ ಕಾಪಾಡಲು 2015ರ ಬಾಲನ್ಯಾಯ ಕಾಯ್ದೆಯಲ್ಲಿ 74ನೇ ಕಲಂ ಇದೆ. ಮಾಜಿ ದೇವದಾಸಿ ಮಹಿಳೆಯರ ನಡುವೆ, ಎಚ್‌ಐವಿ ಸೋಂಕಿತರ ನಡುವೆ ಕೆಲಸ ಮಾಡುವವರಂತೂ ಎರಡು ಪಟ್ಟು ಹುಷಾರಾಗಿರಬೇಕು. ನಮ್ಮ ಕಡೆ ತಾಲೂಕಿನ ಹೆಸರು, ಮಗಳು ಓದುವ ಕಾಲೇಜು ಇಷ್ಟು ಹೇಳಿದರೆ ಸಾಕು, ಯಾರೆಂದು ಊರಿಗೇ ಗೊತ್ತಾಗುತ್ತದೆ.

ಹೆಸರಿಲ್ಲದೆಯೂ ಕತೆ ಹೇಳಬಹುದು. ದಿನಚರಿ ಹೇಳಿ: ಎಷ್ಟು ಗಂಟೆಗೆ ಏಳುತ್ತಾರೆ, ಏನು ತಿನ್ನುತ್ತಾರೆ, ಯಾರು ಅಡುಗೆ ಮಾಡುತ್ತಾರೆ. ನೀವು ಬರೆದ ಸಾಲನ್ನು ಆ ತಾಯಿಯ ಮುಂದೆಯೇ ಓದಿ ಹೇಳಬಲ್ಲಿರಾ? ಇಲ್ಲವೆಂದರೆ ಹೊಡೆದುಹಾಕಿ.

5. ಕೇಳುವ ಸಾಲು

ನಮ್ಮವರು ಸೋಲುವ ಜಾಗ ಇದು. ಎರಡು ಪುಟ ಬರೆದು ಕೊನೆಗೆ "ತಮ್ಮ ಯಥಾಶಕ್ತಿ ಸಹಾಯ ಹಸ್ತ ಚಾಚಬೇಕು" ಅಂತ ಮುಗಿಸುತ್ತಾರೆ. ಸಂಕೋಚ ಅರ್ಥವಾಗುತ್ತದೆ. ಆದರೆ ಯಥಾಶಕ್ತಿ ಅಂದರೆ ಓದಿದವರಿಗೆ ಗೊಂದಲ: ನೂರು ಕೊಟ್ಟರೆ ಮರ್ಯಾದೆ ಹೋಗುತ್ತೇನೋ, ಹತ್ತು ಸಾವಿರ ಕೊಟ್ಟರೆ ಹೆಚ್ಚಾಯಿತೇನೋ. ಆಮೇಲೆ ನೋಡೋಣ ಅಂತ ಇಟ್ಟದ್ದು ಅಲ್ಲೇ ಉಳಿಯುತ್ತದೆ. ಅಂಕಿ ಹಾಕಿ. ಅದರ ಕೆಳಗೆ ಇನ್ನೊಂದು ಚಿಕ್ಕ ಅಂಕಿಯನ್ನೂ ಕೊಡಿ. ಎರಡಕ್ಕಿಂತ ಹೆಚ್ಚು ಬೇಡ. ತಾರೀಖನ್ನೂ ಹಾಕಿ.

ಮನೆಯ ಹಿರಿಯರ ಪುಣ್ಯತಿಥಿ, ಮಕ್ಕಳ ಹುಟ್ಟುಹಬ್ಬ, ಮದುವೆಯ ದಿನಕ್ಕೆ ಊಟ ಹಾಕಿಸುವುದು ನಮ್ಮಲ್ಲಿ ಮೊದಲಿನಿಂದ ಇರುವ ರೂಢಿ. ಪತ್ರದಲ್ಲಿ ಆ ದಾರಿ ತೋರಿಸಿದರೆ ಅದೇ ಮನೆಯಿಂದ ಮುಂದಿನ ವರ್ಷವೂ ಅದೇ ದಿನಕ್ಕೆ ಹಣ ಬರುತ್ತದೆ.

6. ಹಣ ಕಳಿಸುವ ದಾರಿ ಮತ್ತು ತೆರಿಗೆಯ ಮಾತು

ಖಾತೆಯ ಹೆಸರು, ಸಂಖ್ಯೆ, ಐಎಫ್‌ಎಸ್‌ಸಿ, ಕ್ಯೂಆರ್ ಕೋಡ್ ನಾಲ್ಕೂ ಪತ್ರದ ಕೆಳಗೆ ಒಂದೇ ಚೌಕದಲ್ಲಿ ಇರಲಿ. ಕಾರ್ಯದರ್ಶಿಯ ಸ್ವಂತ ಫೋನ್‌ಪೇ ನಂಬರ್ ಕೊಡಲೇಬೇಡಿ. ಸ್ಕ್ಯಾನ್ ಮಾಡಿದಾಗ ಸಂಸ್ಥೆಯ ಹೆಸರಿನ ಬದಲು ಯಾರದೋ ಹೆಸರು ಬಂದರೆ ದಾನಿಯ ಕೈ ಅಲ್ಲೇ ನಿಲ್ಲುತ್ತದೆ, ಮುಂದೆ ಲೆಕ್ಕದಲ್ಲೂ ಜಗಳ. ಅಚ್ಚಾಗಿ ಬಂದ ಕೋಡನ್ನು ನೀವೇ ಒಂದು ರೂಪಾಯಿ ಕಳಿಸಿ ಪರೀಕ್ಷಿಸಿ. ಜೆರಾಕ್ಸ್ ಮೇಲೆ ಜೆರಾಕ್ಸ್ ಆದ ಕೋಡು ಎಷ್ಟೋ ಸಲ ಓದುವುದೇ ಇಲ್ಲ.

ತೆರಿಗೆ ವಿಷಯದಲ್ಲಿ ಪತ್ರಗಳು ಹೇಳುವ ಅರ್ಧಸತ್ಯ ಜಾಸ್ತಿ. "ಶೇ 50 ತೆರಿಗೆ ಉಳಿತಾಯ" ಅನ್ನುವುದು ತಪ್ಪು. ಸಾಮಾನ್ಯ ಟ್ರಸ್ಟಿಗೆ 10,000 ರೂಪಾಯಿ ಕೊಟ್ಟರೆ, ಕಾನೂನಿನ ಮಿತಿಯೊಳಗೆ, 5,000 ರೂಪಾಯಿಯನ್ನು ದಾನಿ ತನ್ನ ತೆರಿಗೆ ಬೀಳುವ ಆದಾಯದಿಂದ ಕಳೆಯಬಹುದು. ಶೇ 20ರ ಹಂತದಲ್ಲಿರುವವರಿಗೆ ಉಳಿಯುವುದು ಸುಮಾರು ಒಂದು ಸಾವಿರ. ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ, ಹೊಸ ಪದ್ಧತಿ ಆರಿಸಿಕೊಂಡವರಿಗೆ ಇಲ್ಲ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ರಿಯಾಯಿತಿ ಇಲ್ಲ. ಅಕ್ಕಿ, ಬಟ್ಟೆ, ಬೆಂಚು ಕೊಟ್ಟರೂ ಇಲ್ಲ. ದಾನಿಯ ಪ್ಯಾನ್ ಸಂಖ್ಯೆ ಕೇಳಿ ಪಡೆಯಿರಿ. ವರ್ಷ ಮುಗಿದ ಮೇಲೆ ಮೇ 31ರೊಳಗೆ ದೇಣಿಗೆಗಳ ಪಟ್ಟಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಿ, 10ಬಿಇ ಎಂದು ಜನ ಬಲ್ಲ ಪ್ರಮಾಣಪತ್ರ ಇಳಿಸಿಕೊಂಡು ದಾನಿಗೆ ಕಳಿಸಬೇಕು. ಅದಿಲ್ಲದೆ ನಿಮ್ಮ ರಸೀದಿಯೊಂದರಿಂದಲೇ ಅವರಿಗೆ ರಿಯಾಯಿತಿ ಸಿಗದು.

ಗುಪ್ತದಾನದ ಬಗ್ಗೆಯೂ ಬಹಳ ಮಂದಿ ಕೇಳುತ್ತಾರೆ. ಹೆಸರು ಹೊರಗೆ ಬರಬಾರದು ಅಂದರೆ ಬೋರ್ಡಿನ ಮೇಲೆ ಹಾಕಬೇಡಿ. ಆದರೆ ನಿಮ್ಮ ವಹಿಯಲ್ಲಿ ಹೆಸರು, ವಿಳಾಸ ಇರಲೇಬೇಕು. ದಾಖಲೆಯಿಲ್ಲದ ದೇಣಿಗೆ ವರ್ಷದ ಒಟ್ಟು ದೇಣಿಗೆಯ ಶೇ 5 ಅಥವಾ 1 ಲಕ್ಷ ರೂಪಾಯಿ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ದಾಟಿದರೆ, ದಾಟಿದ ಭಾಗಕ್ಕೆ ಸಂಸ್ಥೆ ಶೇ 30 ತೆರಿಗೆ ಕಟ್ಟಬೇಕಾಗುತ್ತದೆ. ಪೂರ್ತಿ ಧಾರ್ಮಿಕ ಸಂಸ್ಥೆಗಳ ಲೆಕ್ಕ ಬೇರೆ.

7. ಭಾಷೆ, ಕಾಗದ, ಕಾಲ

ಒಂದೇ ಪುಟ. ಅಕ್ಷರ ದಪ್ಪಗಿರಲಿ, ನಿಮಗೆ ಕೊಡುವವರಲ್ಲಿ ಹೆಚ್ಚಿನವರು ಚಾಳೀಸು ಹಾಕುವ ವಯಸ್ಸಿನವರು. ಸಹಿ ನೀಲಿ ಶಾಯಿಯಲ್ಲಿ, ಕೈಯಿಂದ. ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆ ಮನೆಯಲ್ಲಿ ಮರಾಠಿ ಓದುವವರಿಗೆ ಮರಾಠಿಯಲ್ಲೇ ಬರೆಯಿರಿ. ಕನ್ನಡದ ಪತ್ರವನ್ನು ಗೂಗಲ್‌ಗೆ ಹಾಕಿ ತೆಗೆಯದೆ, ಮರಾಠಿ ಮನೆಮಾತಿನವರೊಬ್ಬರಿಂದ ಹೊಸದಾಗಿ ಬರೆಸಿ. ರಂಜಾನ್ ತಿಂಗಳಲ್ಲಿ ಝಕಾತ್ ಕೇಳುವುದಾದರೆ ಆ ಹಣ ಯಾರಿಗೆ ಸಲ್ಲಬಹುದೆಂಬ ನಿಯಮವಿದೆ. ಅದನ್ನು ಬೇರೆ ಇಟ್ಟು ಅರ್ಹರಿಗೇ ಮುಟ್ಟಿಸುತ್ತೇವೆ ಅನ್ನುವ ಸಾಲು ಇರಲೇಬೇಕು.

ಕಾಲ ನೋಡಿ ಕೇಳಿ. ಕಬ್ಬಿನ ಬಿಲ್ಲು ಕೈಗೆ ಬರುವುದು ಕಾರ್ಖಾನೆ ಶುರುವಾದ ಮೇಲೆ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಒಣದ್ರಾಕ್ಷಿ ಮಾರಿದ ಮೇಲೆ. ವ್ಯಾಪಾರಸ್ಥರಿಗೆ ದೀಪಾವಳಿಯ ಲಕ್ಷ್ಮೀಪೂಜೆಗೆ ಮುಂಚೆ. ನೌಕರದಾರರಿಗೆ ಫೆಬ್ರವರಿ, ತೆರಿಗೆ ಲೆಕ್ಕ ಹಾಕುವಾಗ. ಮೇ ಕೊನೆ, ಜೂನ್ ಮೊದಲ ವಾರದಲ್ಲಿ ಯಾರಿಗೂ ಕಳಿಸಬೇಡಿ: ಬೀಜ ಗೊಬ್ಬರದ ಖರ್ಚು, ಶಾಲೆಯ ಫೀ ಎರಡೂ ಒಟ್ಟಿಗೇ ಬಂದಿರುತ್ತವೆ.

ಒಂದು ಮಾದರಿ

ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಲೆಕ್ಕ ನೀವು ಹಾಕಿಕೊಳ್ಳಿ.

ಮಾನ್ಯ ಶ್ರೀ ............ ಅವರಿಗೆ, ಶರಣು.

ದೀಪಾವಳಿ ಪಾಡ್ಯ ಮುಗಿದರೆ ನಮ್ಮೂರಿನ ಮಂದಿ ಕಬ್ಬು ಕಡಿಯಲು ಊರು ಬಿಡುತ್ತಾರೆ. ಅಪ್ಪ ಅವ್ವ ಹೊರಟರೆ ಮಕ್ಕಳೂ ಶಾಲೆ ಬಿಟ್ಟು ಟ್ರ್ಯಾಕ್ಟರ್ ಹತ್ತಬೇಕು. ಹೋದ ವರ್ಷ ಹಾಗೆ ಹತ್ತಬೇಕಿದ್ದ ನಲವತ್ತು ಮಕ್ಕಳು ಇಲ್ಲೇ ಉಳಿದು ಪರೀಕ್ಷೆ ಬರೆದರು. ನಮ್ಮ ನಿಲಯದಲ್ಲಿ ಅವರಿಗೆ ಮಲಗಲು ಜಾಗ, ರಾತ್ರಿ ಊಟ ಸಿಕ್ಕಿತು.

ದಿನಾ ಸಂಜೆ ನೂರಿಪ್ಪತ್ತು ರೊಟ್ಟಿ ಬೇಕು. ಊರಿನ ಇಬ್ಬರು ತಾಯಂದಿರು ನಾಲ್ಕಕ್ಕೆ ಒಲೆ ಹಚ್ಚುತ್ತಾರೆ, ಏಳಕ್ಕೆ ಪಂಕ್ತಿ. ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಅನ್ನ, ಮಜ್ಜಿಗೆ, ಜೊತೆಗೆ ಅಡುಗೆಯವರ ಪಗಾರ ಸೇರಿ ಒಂದು ರಾತ್ರಿಗೆ 1,800 ರೂಪಾಯಿ.

ನವೆಂಬರ್‌ನಿಂದ ಮಾರ್ಚ್‌ವರೆಗೆ 150 ರಾತ್ರಿ ಊಟ ನಡೆಯಬೇಕು. 96 ರಾತ್ರಿಗಳನ್ನು ದಾನಿಗಳು ವಹಿಸಿಕೊಂಡಿದ್ದಾರೆ. ಉಳಿದ 54ರಲ್ಲಿ ಒಂದನ್ನು ತಾವು ವಹಿಸಿಕೊಳ್ಳಬೇಕು ಅಂತ ಕೇಳಲು ಈ ಪತ್ರ. ಪೂರ್ತಿ ರಾತ್ರಿಗೆ 1,800, ಅರ್ಧಕ್ಕೆ 900. ಮನೆಯ ಹಿರಿಯರ ಪುಣ್ಯತಿಥಿಯೋ ಮಕ್ಕಳ ಹುಟ್ಟುಹಬ್ಬವೋ ಇದ್ದರೆ ದಿನ ತಿಳಿಸಿ, ಅಂದೇ ಊಟ ಹಾಕಿಸುತ್ತೇವೆ.

ಅಕ್ಟೋಬರ್ 25ರೊಳಗೆ ತಿಳಿಸಿದರೆ ಕಾಳುಕಡಿ ಒಟ್ಟಿಗೆ ಖರೀದಿಸಲು ಅನುಕೂಲ. ಖಾತೆಯ ವಿವರ ಕೆಳಗಿದೆ.

ತಮ್ಮ ವಿಶ್ವಾಸಿ,
(ಸಹಿ, ಹೆಸರು, ಫೋನ್)

ತಾ.ಕ.: ಯಾವುದೇ ಸಂಜೆ ಏಳಕ್ಕೆ ಹೇಳದೆ ಕೇಳದೆ ಬನ್ನಿ, ಪಂಕ್ತಿಯಲ್ಲಿ ನಮ್ಮ ಜೊತೆ ಕೂತು ಉಣ್ಣಿ.

ತಾ.ಕ. ಸಾಲನ್ನು ಬಿಡಬೇಡಿ. ಪತ್ರವನ್ನು ಮೇಲಿಂದ ಕೆಳಕ್ಕೆ ಕಣ್ಣಾಡಿಸುವವರೂ ಅಲ್ಲಿ ಒಂದು ಕ್ಷಣ ನಿಲ್ಲುತ್ತಾರೆ.

8. ಎರಡು ಥರದವರಿಗೆ ಈ ಪತ್ರ ಸಾಲದು

ಕಂಪನಿಗಳ ಸಿಎಸ್‌ಆರ್, ಅಂದರೆ ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕೆಂಬ ಕಾನೂನು, ಎಲ್ಲರಿಗೂ ಅನ್ವಯಿಸುವುದಿಲ್ಲ. ಹಿಂದಿನ ವರ್ಷ 500 ಕೋಟಿ ನಿವ್ವಳ ಆಸ್ತಿಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದಾದರೂ ಇದ್ದ ಕಂಪನಿಗೆ ಮಾತ್ರ. ಬೆಳಗಾವಿಯ ಉದ್ಯಮಬಾಗದ ಸಣ್ಣ ಫೌಂಡ್ರಿ ಮಾಲೀಕರಿಗೆ "ತಮ್ಮ ಸಿಎಸ್‌ಆರ್ ನಿಧಿಯಿಂದ" ಅಂತ ಬರೆದರೆ ನಗುತ್ತಾರೆ. ಅವರಿಗೆ ಮೇಲಿನಂಥ ಪತ್ರವೇ ಸರಿ. ದೊಡ್ಡ ಕಂಪನಿಗಾದರೆ ಯೋಜನಾ ವರದಿ ಬೇಕು, ಜೊತೆಗೆ ನಿಮ್ಮ ಸಂಸ್ಥೆಗೆ ಸಿಎಸ್‌ಆರ್-1 ನೋಂದಣಿ ಸಂಖ್ಯೆ ಇರಬೇಕು.

ಇನ್ನು ವಿದೇಶದಲ್ಲಿರುವ ನಮ್ಮೂರವರು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಗಳಿಕೆಯನ್ನು ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆಯಿಲ್ಲ, ಪಾಸ್‌ಪೋರ್ಟಿನ ಪ್ರತಿ ಪಡೆದಿಡಿ. ಆದರೆ ಅಮೆರಿಕದ ಪೌರತ್ವ ಪಡೆದವರು ಅಥಣಿಯಲ್ಲೇ ಹುಟ್ಟಿದ್ದರೂ ಅವರ ಹಣ ವಿದೇಶಿ ವಂತಿಗೆ. ಅದನ್ನು ಪಡೆಯಲು ಎಫ್‌ಸಿಆರ್‌ಎ, ಅಂದರೆ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಮುಂಚಿತ ಅನುಮತಿ ಬೇಕು, ದಿಲ್ಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಅದಕ್ಕೆಂದೇ ಖಾತೆ ಬೇಕು. ಅವು ಇಲ್ಲದಿದ್ದರೆ ಪತ್ರವನ್ನೇ ಕಳಿಸಬೇಡಿ. ವಾಟ್ಸಾಪ್ ಗುಂಪಿಗೆ ಕ್ಯೂಆರ್ ಹಾಕುವ ಮುಂಚೆಯೂ ಆ ಗುಂಪಿನಲ್ಲಿ ಯಾರಿದ್ದಾರೆ ನೋಡಿ.

9. ಹಣ ಬಂದ ಮೇಲೆ

ಬಂದ ದಿನವೇ ಫೋನ್ ಮಾಡಿ, ವಾರದೊಳಗೆ ಪಾವತಿ (ರಸೀದಿ) ಹರಿದು ಕಳಿಸಿ. ಪಾವತಿಯ ಜೊತೆ ಎರಡು ಸಾಲು ಕೈಬರಹ ಇರಲಿ, ಅದರಲ್ಲಿ ಮತ್ತೆ ಹಣ ಕೇಳಬೇಡಿ. ಊಟದ ದಿನ ಆದ ಮೇಲೆ ಅಂದು ಏನು ಅಡುಗೆ, ಎಷ್ಟು ಮಕ್ಕಳು ಉಂಡರು ಅಂತ ಒಂದು ಸಂದೇಶ. ಫೋಟೊ ಕೇಳಿದರೆ ರೊಟ್ಟಿಯ ಬುಟ್ಟಿ, ಪಂಕ್ತಿಯನ್ನು ಹಿಂದಿನಿಂದ ತೆಗೆದದ್ದು ಕಳಿಸಿ, ಮಕ್ಕಳ ಮುಖ ಬೇಡ. ಅಂದುಕೊಂಡದ್ದು ಆಗದಿದ್ದರೆ, ಉದಾಹರಣೆಗೆ ಇನ್ವರ್ಟರ್ ದರ ಏರಿ ಖರೀದಿ ನಿಂತಿದ್ದರೆ, ಅದನ್ನೂ ಅವರು ಕೇಳುವ ಮೊದಲೇ ಬರೆಯಿರಿ.

ಉತ್ತರ ಕೊಡದವರಿಗೆ ಮೂರು ವಾರ ಬಿಟ್ಟು ಒಂದೇ ಒಂದು ನೆನಪೋಲೆ. ಅದರಲ್ಲಿ ಹಳೆಯ ಪತ್ರವನ್ನೇ ಮತ್ತೆ ಕಳಿಸದೆ, "54 ರಾತ್ರಿಗಳಲ್ಲಿ 31 ಭರ್ತಿಯಾಗಿವೆ, 23 ಉಳಿದಿವೆ" ಅಂತ ಹೊಸ ಲೆಕ್ಕ ಕೊಡಿ. ವಿಳಾಸ ಸಿಗದೆ ಮರಳಿದ ಲಕೋಟೆಗಳನ್ನು ಎಸೆಯುವ ಮುಂಚೆ ವಹಿಯಲ್ಲಿ ಗುರುತು ಮಾಡಿ, ಪರಿಚಯಿಸಿದವರಿಂದ ಹೊಸ ವಿಳಾಸ ಕೇಳಿ ಬರೆದುಕೊಳ್ಳಿ. ಮೂರು ವರ್ಷ ಹಾಕಿದರೂ ಮಾತಾಡದವರ ಹೆಸರು ತೆಗೆದುಬಿಡಿ.